ಲೇಮನ್ ದಿವಾಳಿಗೂ ಆಳಂದದ ಠೇವಣಿಗೂ ಏನು ಸಂಬಂಧ?

ಆಳಂದದ ನಿವೃತ್ತ ಶಿಕ್ಷಕರೊಬ್ಬರ ಪತ್ರ: “2008ರಲ್ಲಿ ಅಮೆರಿಕದ ಅಷ್ಟು ದೊಡ್ಡ ಬ್ಯಾಂಕುಗಳೇ ದಿವಾಳಿ ಎದ್ದವು. ಅಂಥ ಕಾಲ ಮತ್ತೆ ಬಂದರೆ ನಮ್ಮಂಥವರ ಗತಿ ಏನು? ಕಲಬುರಗಿಯ ಪಟ್ಟಣ ಸಹಕಾರಿ ಬ್ಯಾಂಕೊಂದರ ಎರಡು ಶಾಖೆಗಳಲ್ಲಿ ನನ್ನ ಹೆಸರಿಗೆ ತಲಾ 4 ಲಕ್ಷ, ಊರಿನ ಪತ್ತಿನ ಸೌಹಾರ್ದ ಸಹಕಾರಿಯಲ್ಲಿ 3 ಲಕ್ಷ ಠೇವಣಿ ಇದೆ. ಶಾಖೆ ಬೇರೆ ಬೇರೆ ಆದ್ದರಿಂದ ಪೂರ್ತಿ ವಿಮೆ ಇದೆ ಎಂದು ಪರಿಚಯದವರು ಹೇಳುತ್ತಾರೆ. ಹೌದೇ? ಬ್ಯಾಂಕ್ ಮುಳುಗಿದರೆ ದಿವಾಳಿ ಕಾಯ್ದೆಯಡಿ ದಾವೆ ಹೂಡಬಹುದೇ?”

ಮಾಸ್ತರರೇ, ನಿಮ್ಮ ಪರಿಚಯದವರು ಹೇಳಿದ್ದು ತಪ್ಪು. ವಿಮೆಯ ಲೆಕ್ಕ ಶಾಖೆಗೊಂದಲ್ಲ, ಬ್ಯಾಂಕಿಗೊಂದು. ಎರಡೂ ಶಾಖೆಯ ಠೇವಣಿ ಕೂಡಿ, ಬಡ್ಡಿಯೂ ಸೇರಿ, ಸಿಗುವುದು ಹೆಚ್ಚೆಂದರೆ 5 ಲಕ್ಷ. ಅಂದರೆ ಆ ಎರಡು ಠೇವಣಿಯ 8 ಲಕ್ಷದಲ್ಲಿ 3 ಲಕ್ಷಕ್ಕೂ, ಬಡ್ಡಿಗೂ ಇವತ್ತು ವಿಮೆಯಿಲ್ಲ. ಇದೇ ಪೆಟ್ಟು ಇನ್ನೊಂದು ಕಡೆಯಿಂದಲೂ ಬೀಳುತ್ತದೆ: ನಮ್ಮ ಭಾಗದಲ್ಲಿ ಎಸ್‌ಬಿಎಚ್‌ನಲ್ಲೊಂದು (ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್), ಎಸ್‌ಬಿಐನಲ್ಲೊಂದು ಠೇವಣಿ ಇಟ್ಟವರು ಬಹಳ. 2017ರ ಏಪ್ರಿಲ್ 1ರಂದು ಎರಡೂ ಒಂದಾದವು. ಪಾಸ್‌ಬುಕ್ ಎರಡಿದ್ದರೂ ಈಗ ಮಿತಿ ಒಂದೇ.

ಇನ್ನು 2008. ಆಗ ದಿವಾಳಿ ಎದ್ದ ಅಮೆರಿಕದ ಲೇಮನ್ ಬ್ರದರ್ಸ್ ನಿಮ್ಮ ನಮ್ಮಂಥವರ ಠೇವಣಿ ಹಿಡಿದು ನಡೆಯುತ್ತಿದ್ದ ಬ್ಯಾಂಕಲ್ಲ. ಕಲಬುರಗಿಯ ನೆಹರು ಗಂಜ್ ಮಾರುಕಟ್ಟೆಯ ಲೆಕ್ಕದಲ್ಲಿ ಹೇಳುವುದಾದರೆ, ಕೈಯಿಂದ 1 ರೂಪಾಯಿ ಹಾಕಿ, ಉಳಿದ 29 ರೂಪಾಯಿಯನ್ನು ಸಾಲ ತಂದು ತೊಗರಿ ತುಂಬಿಸಿದ ಅಡತಿ ವ್ಯಾಪಾರಿಯ ಹಾಗೆ. ಆ ಸಾಲದಲ್ಲೂ ದೊಡ್ಡ ಪಾಲು ದಿನದಿನಕ್ಕೆ ಹೊಸದು ಮಾಡಿಸಿಕೊಳ್ಳಬೇಕಾದ್ದು. ತೊಗರಿ ದರ ನೂರಕ್ಕೆ 4 ರೂಪಾಯಿ ಇಳಿದರೆ ಅವನ ಬಂಡವಾಳ ಪೂರ್ತಿ ಹೋಯಿತು. ದರ ಇಳಿಯುವುದಕ್ಕೂ ಮುಂಚೆ, ಇಳಿದೀತೆಂಬ ಅನುಮಾನಕ್ಕೇ ಸಾಲ ಕೊಡುವವರು “ನಾಳೆಯಿಂದ ಕೊಡೋದಿಲ್ಲ” ಎಂದರೂ ಅವನು ಮುಗಿದ. ಸೆಪ್ಟೆಂಬರ್ 15ರಂದು ಲೇಮನ್ ಕೋರ್ಟಿಗೆ ಕೊಟ್ಟ ಕಾಗದದಲ್ಲಿ ಆಸ್ತಿ ಸುಮಾರು 63,900 ಕೋಟಿ ಡಾಲರ್, ಸಾಲ ಸುಮಾರು 61,300 ಕೋಟಿ. ಪುಸ್ತಕದಲ್ಲಿ ಆಸ್ತಿಯೇ ಹೆಚ್ಚು! ಆದರೆ ಆ ಆಸ್ತಿಗೆ ಬರೆದ ಬೆಲೆಯನ್ನು ಯಾರೂ ನಂಬಲಿಲ್ಲ. ಕೈಯಲ್ಲಿ ನಗದಿಲ್ಲದಿರುವುದು ಬೇರೆ, ಆಸ್ತಿಗಿಂತ ಸಾಲ ಹೆಚ್ಚಾಗಿರುವುದು ಬೇರೆ. ಗಾಬರಿಯ ದಿನ ಮಾತ್ರ ಎರಡಕ್ಕೂ ವ್ಯತ್ಯಾಸ ಉಳಿಯುವುದಿಲ್ಲ.

ನಿಮ್ಮ ಪ್ರಶ್ನೆಗೆ ಹತ್ತಿರದ್ದು ಇಂಗ್ಲೆಂಡಿನ ನಾರ್ದರ್ನ್ ರಾಕ್ ಬ್ಯಾಂಕ್. 2007ರ ಸೆಪ್ಟೆಂಬರ್‌ನಲ್ಲಿ ಅದರ ಶಾಖೆಗಳ ಮುಂದೆ ಪಾಳಿ ಹಚ್ಚಿದವರು ದಡ್ಡರಲ್ಲ. ಅಲ್ಲಿ ಆಗ ಪೂರ್ತಿ ವಿಮೆ ಇದ್ದದ್ದು ಮೊದಲ 2,000 ಪೌಂಡಿಗೆ ಮಾತ್ರ, ಮುಂದಿನ 33,000ಕ್ಕೆ ಶೇ 90. ವಿಮೆ ಅರ್ಧಂಬರ್ಧ ಇದ್ದಲ್ಲಿ ಮೊದಲು ಓಡಿದವನೇ ಜಾಣ. ಸರ್ಕಾರ ಎಲ್ಲ ಠೇವಣಿಗೂ ಖಾತರಿ ಕೊಟ್ಟ ಮೇಲೆಯೇ ಪಾಳಿ ಕರಗಿತು. 2008ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ವಾಷಿಂಗ್ಟನ್ ಮ್ಯೂಚುವಲ್ ಬ್ಯಾಂಕಿನಿಂದ ಹತ್ತೇ ದಿನದಲ್ಲಿ 1,670 ಕೋಟಿ ಡಾಲರ್ ಠೇವಣಿ ಹೊರಬಿತ್ತು. ಸೆಪ್ಟೆಂಬರ್ 25ರಂದು ಸರ್ಕಾರ ಅದನ್ನು ವಶಕ್ಕೆ ಪಡೆದು ಜೆಪಿ ಮಾರ್ಗನ್‌ಗೆ 190 ಕೋಟಿ ಡಾಲರ್‌ಗೆ ಮಾರಿತು, ಮರುದಿನ ಶಾಖೆಗಳು ಎಂದಿನಂತೆ ತೆರೆದವು. ಶೇರು, ಬಾಂಡು ಹಿಡಿದವರು ಮುಳುಗಿದರು, ಠೇವಣಿದಾರರಿಗೆ ನಷ್ಟವಾಗಲಿಲ್ಲ.

ನಮ್ಮಲ್ಲಿ ಆಗ ಐಸಿಐಸಿಐ ಎಟಿಎಂಗಳ ಮುಂದೆ ಸಾಲು ನಿಂತದ್ದು ನಿಮಗೆ ನೆನಪಿರಬಹುದು. ಅದರ ಬ್ರಿಟನ್ ಅಂಗಸಂಸ್ಥೆಯ ಬಳಿ ಸುಮಾರು 8 ಕೋಟಿ ಡಾಲರ್‌ನ ಲೇಮನ್ ಬಾಂಡುಗಳಿದ್ದವು. ಆ ಬ್ಯಾಂಕಿನ ಗಾತ್ರಕ್ಕೆ ಅದು ಚಿಲ್ಲರೆ. ಬ್ಯಾಂಕಿನಲ್ಲಿ ಸಾಕಷ್ಟು ನಗದಿದೆ ಎಂದು ರಿಸರ್ವ್ ಬ್ಯಾಂಕ್ ಸೆಪ್ಟೆಂಬರ್ 30ರಂದು ಹೇಳಿಕೆ ಕೊಟ್ಟಿತು. ಬ್ಯಾಂಕುಗಳು ತನ್ನಲ್ಲಿ ಇಡಬೇಕಾದ ನಗದು ಮೀಸಲನ್ನೂ ಅಕ್ಟೋಬರ್‌ನಿಂದ ಜನವರಿಯೊಳಗೆ ಶೇ 9ರಿಂದ 5ಕ್ಕೆ ಇಳಿಸಿ ಹಣ ಬಿಟ್ಟಿತು.

ಹಾಗಾಗಿ ನ್ಯೂಯಾರ್ಕಿನ ಸುದ್ದಿಗೆ ನೀವು ನಿದ್ದೆಗೆಡಬೇಕಾಗಿಲ್ಲ. ಇಲ್ಲಿ ಸಹಕಾರಿ ಬ್ಯಾಂಕುಗಳು ಬೀಳುವುದು ಮನೆಯೊಳಗಿನ ರೋಗದಿಂದ: ಬೆರಳೆಣಿಕೆಯ ಪರಿಚಿತರಿಗೆ ದೊಡ್ಡ ಸಾಲ, ಅದು ಕೆಟ್ಟಾಗ ಮುಚ್ಚಿಡಲು ಹೊಸ ಸಾಲ. ಮುಂಬೈಯ ಪಿಎಂಸಿ ಬ್ಯಾಂಕಿನ ಸಾಲದಲ್ಲಿ ಶೇ 70ಕ್ಕೂ ಹೆಚ್ಚು ಒಂದೇ ಕಟ್ಟಡ ಉದ್ಯಮ ಸಮೂಹಕ್ಕೆ ಹೋಗಿತ್ತು. 2019ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕಿನ ನಿರ್ಬಂಧ ಬಿದ್ದಾಗ ತೆಗೆಯಲು ಬಿಟ್ಟದ್ದು ಮೊದಲಿಗೆ 1,000 ರೂಪಾಯಿ. 2022ರ ಜನವರಿಯಲ್ಲಿ ಯೂನಿಟಿ ಬ್ಯಾಂಕಿನಲ್ಲಿ ವಿಲೀನವಾದಾಗ, 5 ಲಕ್ಷ ಮೀರಿದ ಹಣಕ್ಕೆ ಹತ್ತು ವರ್ಷದವರೆಗಿನ ಕಂತು. ಎಷ್ಟು ಸಿಗುತ್ತದೆ ಎಂದಷ್ಟೇ ಕೇಳಿದರೆ ಸಾಲದು, ಯಾವಾಗ ಎಂಬುದೂ ಪ್ರಶ್ನೆ.

ದಿವಾಳಿ ಸಂಹಿತೆಯ ದಾರಿ ನಿಮಗಿಲ್ಲ. 2016ರ ಆ ಕಾಯ್ದೆಯಡಿ ಠೇವಣಿದಾರ ಬ್ಯಾಂಕನ್ನು ನ್ಯಾಯಮಂಡಳಿಗೆ ಎಳೆಯಲಾಗದು. ಬ್ಯಾಂಕಿನ ಮದ್ದು ರಿಸರ್ವ್ ಬ್ಯಾಂಕಿನ ಕೈಯಲ್ಲಿದೆ: ನಿರ್ಬಂಧ, ವಿಲೀನ, ಕೊನೆಗೆ ಪರವಾನಗಿ ರದ್ದು. ನಿರ್ಬಂಧ ಬಿದ್ದ ದಿನದಿಂದ 90 ದಿನದೊಳಗೆ ವಿಮೆ ಹಣ ಕೊಡಬೇಕೆಂದು 2021ರಲ್ಲಿ ಕಾಯ್ದೆ ತಿದ್ದಿದ್ದಾರೆ. ಮೊದಲ 45 ದಿನದಲ್ಲಿ ಬ್ಯಾಂಕ್ ಠೇವಣಿದಾರರ ಪಟ್ಟಿ ಕೊಡಬೇಕು, ಠೇವಣಿ ವಿಮಾ ನಿಗಮ ಡಿಐಸಿಜಿಸಿ 30 ದಿನದಲ್ಲಿ ಅದನ್ನು ಪರಿಶೀಲಿಸಿ, ಉಳಿದ 15 ದಿನದಲ್ಲಿ ಹಣ ಹಾಕಬೇಕು. ವಿಲೀನದ ಮಾತು ನಡೆದಿದ್ದರೆ ಇನ್ನೂ 90 ದಿನ ಎಳೆಯಬಹುದು. ಹಣ ತಾನಾಗಿ ಬರುವುದಿಲ್ಲ. ವಿಮೆ ಹಣ ಬೇಕೆಂಬ ಒಪ್ಪಿಗೆ ಪತ್ರವನ್ನು ಗುರುತಿನ ದಾಖಲೆ, ಬೇರೆ ಬ್ಯಾಂಕಿನ ಖಾತೆ ವಿವರದೊಂದಿಗೆ ನೀವು ಕೊಡಬೇಕು. ಕೆಲಸ ಕೆಡುವುದು ಇಲ್ಲೇ: ಆಧಾರ್‌ನಲ್ಲಿ ಒಂದು ಹೆಸರು, ಠೇವಣಿ ರಸೀದಿಯಲ್ಲಿ ಇನ್ನೊಂದು, ಕೆವೈಸಿ ಹಳೆಯದು, ತೀರಿಹೋದವರ ಖಾತೆಗೆ ನಾಮಿನಿ ಇಲ್ಲ. ಅದೇ ಬ್ಯಾಂಕಿನಲ್ಲಿ ಸಾಲವಿದ್ದರೆ ಅದನ್ನು ಮುರಿದುಕೊಂಡೇ ಲೆಕ್ಕ.

ನಿಮ್ಮ 8 ಲಕ್ಷದಲ್ಲಿ ಒಂದು ಠೇವಣಿಯನ್ನು ಬೇರೆ ಬ್ಯಾಂಕಿಗೆ ಒಯ್ಯಿರಿ. ಅದೇ ಬ್ಯಾಂಕೇ ಬೇಕೆಂದರೆ ನಿಮ್ಮ ಮನೆಯವರ ಜೊತೆ ಜಂಟಿ ಮಾಡಿ. ಜಂಟಿ ಖಾತೆಗೆ ಪ್ರತ್ಯೇಕ 5 ಲಕ್ಷದ ಮಿತಿ ಇದೆ. ಬಡ್ಡಿಗೂ ಜಾಗ ಬಿಡಿ: ಶೇ 7ರ ದರದಲ್ಲಿ ಮೂರು ತಿಂಗಳಿಗೊಮ್ಮೆ ಬಡ್ಡಿ ಅಸಲಿಗೆ ಸೇರುತ್ತ ಹೋದರೆ ಇವತ್ತಿನ 3.5 ಲಕ್ಷ ಐದು ವರ್ಷಕ್ಕೆ ಸುಮಾರು 4.95 ಲಕ್ಷ. 4 ಲಕ್ಷವನ್ನೇ ಹಾಗೆ ಬಿಟ್ಟರೆ ನಾಲ್ಕನೆಯ ವರ್ಷದಲ್ಲೇ ಮಿತಿ ದಾಟುತ್ತದೆ. ಬಡ್ಡಿಯನ್ನು ಆಗಾಗ ತೆಗೆದುಕೊಳ್ಳುವ ಠೇವಣಿಯಾದರೆ ಈ ತಾಪತ್ರಯವಿಲ್ಲ.

ನನಗೆ ನಿಜವಾಗಿ ಚಿಂತೆ ಹಚ್ಚಿದ್ದು ಸೌಹಾರ್ದದ 3 ಲಕ್ಷ. ಪಟ್ಟಣ ಸಹಕಾರಿ ಬ್ಯಾಂಕಿಗೂ ಡಿಸಿಸಿ ಬ್ಯಾಂಕಿಗೂ ಈ ವಿಮೆ ಇದೆ. ಪತ್ತಿನ ಸೌಹಾರ್ದಕ್ಕಾಗಲಿ, ಪ್ರಾಥಮಿಕ ಕೃಷಿ ಪತ್ತಿನ ಸಂಘಕ್ಕಾಗಲಿ ಇಲ್ಲ, ಒಂದು ರೂಪಾಯಿಯೂ ಇಲ್ಲ. ಗೋಡೆಯ ಮೇಲೆ ಸರ್ಕಾರದ ನೋಂದಣಿ ಸಂಖ್ಯೆ ಇದ್ದರೆ ಅದು ನೋಂದಣಿ ಅಷ್ಟೆ. ರಿಸರ್ವ್ ಬ್ಯಾಂಕಿನ ಪರವಾನಗಿ ತೋರಿಸಿ ಎಂದು ಕೇಳಿ, ಡಿಐಸಿಜಿಸಿ ಜಾಲತಾಣದ ಪಟ್ಟಿಯಲ್ಲಿ ಹೆಸರು ನೋಡಿ. ಸೌಹಾರ್ದಗಳೆಲ್ಲ ಕೆಟ್ಟವೆಂದಲ್ಲ. ಅಲ್ಲಿ ಸಿಗುವ ಹೆಚ್ಚಿನ ಬಡ್ಡಿ ಈ ಇಲ್ಲದ ವಿಮೆಯ ಬೆಲೆ, ಅದನ್ನು ತಿಳಿದು ಇಡಬೇಕು. ನಿಮ್ಮ ವಯಸ್ಸಿಗೆ ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯೂ ಇದೆ. 30 ಲಕ್ಷದವರೆಗೆ ಇಡಬಹುದು, ಮೂರು ತಿಂಗಳಿಗೊಮ್ಮೆ ಬಡ್ಡಿ, ಹೊಣೆ ಕೇಂದ್ರ ಸರ್ಕಾರದ್ದು.

ಸೌಹಾರ್ದದ ಠೇವಣಿ ರಸೀದಿಯ ಹಿಂಭಾಗವನ್ನೂ ಒಮ್ಮೆ ಓದಿ. ಅವಧಿ ಮುಗಿದೊಡನೆ ತಾನಾಗಿ ನವೀಕರಣವಾಗುವ ಷರತ್ತಿದ್ದರೆ ಆ ದಿನಕ್ಕೆ ಮುಂಚೆಯೇ ಬೇಡವೆಂದು ಬರೆದುಕೊಟ್ಟು, ಅದರ ಪ್ರತಿಗೆ ಸೀಲು ಹಾಕಿಸಿಕೊಳ್ಳಿ.

– ಸಂಪಾದಕ