ಸರ್ವರ್ ರೂಮಿಗೆ ಹತ್ತಿ ಇಳಿಯುವ ಮೇಷ್ಟ್ರಿಗೆ: ಆರ್‌ಸ್ಯಾಟ್ ಹಾಕಿಕೊಳ್ಳುವ ಬಗೆ

ಮೇಷ್ಟ್ರೇ, ಗುಂಪಿನಲ್ಲಿ ನಿಮ್ಮ ಪ್ರಶ್ನೆ ಬೆಳಿಗ್ಗೆಯೇ ನೋಡಿದೆ. ಲ್ಯಾಬಿನಲ್ಲಿ 30 ಕಂಪ್ಯೂಟರ್, ಸರ್ವರ್ ಇರುವುದು ಎರಡನೇ ಮಹಡಿಯ ಸ್ಟೋರ್ ರೂಮಿನಲ್ಲಿ, ಬೀಗದ ಕೈ ಆಫೀಸಿನವರ ಹತ್ತಿರ. ಒಬ್ಬ ಹುಡುಗ ಪಾಸ್‌ವರ್ಡ್ ಮರೆತರೆ ಬೀಗದ ಕೈ ಇಸಿದುಕೊಂಡು, ಮೆಟ್ಟಿಲು ಹತ್ತಿ, ರೀಸೆಟ್ ಮಾಡಿ ಇಳಿಯಬೇಕು. ಇಳಿಯುವಷ್ಟರಲ್ಲಿ ಇನ್ನೊಬ್ಬ ಮರೆತಿರುತ್ತಾನೆ. ಯಾರೋ ಆರ್‌ಸ್ಯಾಟ್, ಅಂದರೆ ಸರ್ವರಿನ ಕೆಲಸವನ್ನು ನಮ್ಮ ಮೇಜಿನಿಂದಲೇ ಮಾಡುವ ವಿಂಡೋಸ್ ಟೂಲ್‌ಗಳ ಕಟ್ಟು, ಹಾಕಿಕೊಳ್ಳಿ ಅಂದರು. ನೆಟ್‌ನಲ್ಲಿ ಸಿಕ್ಕ ಫೈಲ್ ಇಳಿಸಿ ಒತ್ತಿದರೆ ಈ ಅಪ್‌ಡೇಟ್ ನಿಮ್ಮ ಕಂಪ್ಯೂಟರಿಗೆ ಅನ್ವಯಿಸುವುದಿಲ್ಲ ಅಂತ ಬಂತು. ಇಷ್ಟು ತಾನೆ?

ಮೊದಲು ಆ ಫೈಲ್ ಡಿಲೀಟ್ ಮಾಡಿ. ಅದು ಹಳೇ ಕಾಲದ್ದು. ವಿಂಡೋಸ್ 7 ಇದ್ದಾಗ ಆರ್‌ಸ್ಯಾಟ್ ಬೇರೆ ಡೌನ್‌ಲೋಡ್ ಆಗಿ ಬರುತ್ತಿತ್ತು. ಹಾಕಿದ ಮೇಲೂ ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ಒಂದೊಂದಕ್ಕೂ ಟಿಕ್ ಹಾಕಿದರೇ ಕಾಣಿಸುತ್ತಿತ್ತು. ವಿಂಡೋಸ್ 10ರಲ್ಲಿ 2018ರ ಅಕ್ಟೋಬರ್ ಅಪ್‌ಡೇಟ್, ಅಂದರೆ 1809 ಬಂದಾಗಿನಿಂದ ಆ ಪದ್ಧತಿ ನಿಂತುಹೋಗಿದೆ. ಈಗ ಅದು ವಿಂಡೋಸ್‌ನ ಒಳಗಿನ ಐಚ್ಛಿಕ ಫೀಚರ್. ನಿಮ್ಮದು ವಿಂಡೋಸ್ 11 ಅಂದಿದ್ದೀರಿ, ಹಾಗಾಗಿ ಹಳೇ ಫೈಲ್ ಎಷ್ಟು ಸಲ ಒತ್ತಿದರೂ ಅದೇ ಉತ್ತರ.

ಇನ್ನೊಂದು ವಿಷಯ ಈಗಲೇ ನೋಡಿಕೊಳ್ಳಿ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರ ಕೊನೆಯಲ್ಲಿ ಅಬೌಟ್. ಅಲ್ಲಿ ಎಡಿಷನ್ ಹೋಮ್ ಅಂತಿದ್ದರೆ ಆರ್‌ಸ್ಯಾಟ್ ಬರುವುದಿಲ್ಲ. ಪ್ರೊ ಅಥವಾ ಎಂಟರ್‌ಪ್ರೈಸ್ ಬೇಕು. ಡೊಮೇನ್‌ಗೆ, ಅಂದರೆ ಒಂದೇ ಸರ್ವರಿನಿಂದ ಲಾಗಿನ್ ನಡೆಯುವ ಕಂಪ್ಯೂಟರ್‌ಗಳ ಬಳಗಕ್ಕೆ, ಸೇರಿದ ಲ್ಯಾಬ್ ಕಂಪ್ಯೂಟರ್ ಆದರೆ ಈ ಚಿಂತೆ ಬೇಡ, ಹೋಮ್ ಎಡಿಷನ್ ಡೊಮೇನ್‌ಗೆ ಸೇರುವುದೇ ಇಲ್ಲ. ನಿಮ್ಮ ಸ್ವಂತ ಲ್ಯಾಪ್‌ಟಾಪ್‌ನಲ್ಲಿ ಹಾಕಲು ಹೊರಟಿದ್ದರೆ ಮಾತ್ರ ಇದು ಕೈ ಕೊಡುತ್ತದೆ. ಅಂಗಡಿಯಿಂದ ಬರುವ ಲ್ಯಾಪ್‌ಟಾಪ್‌ಗಳಲ್ಲಿ ಜಾಸ್ತಿ ಹೋಮೇ ಇರುತ್ತದೆ. ನನ್ನ ಕೇಳಿದರೆ ಲ್ಯಾಬಿನ ನಿಮ್ಮ ಮೇಜಿನ ಡೆಸ್ಕ್‌ಟಾಪ್‌ನಲ್ಲೇ ಹಾಕಿ.

ಹಾಕುವುದು ಹೀಗೆ. ಸ್ಟಾರ್ಟ್ ಒತ್ತಿ ಆಪ್ಷನಲ್ ಫೀಚರ್ಸ್ ಅಂತ ಟೈಪ್ ಮಾಡಿ. ಸೆಟ್ಟಿಂಗ್ಸ್ ಒಳಗೆ ಅದರ ಜಾಗವನ್ನು ವರ್ಷಕ್ಕೊಂದು ಕಡೆ ಬದಲಾಯಿಸುತ್ತಾರೆ, ಹುಡುಕುವುದೇ ಸುಲಭ. ಅಲ್ಲಿ ವ್ಯೂ ಫೀಚರ್ಸ್ ಒತ್ತಿ, ಹುಡುಕುವ ಜಾಗದಲ್ಲಿ ಆರ್‌ಎಸ್‌ಎಟಿ ಎಂಬ ನಾಲ್ಕಕ್ಷರ ಹೊಡೆಯಿರಿ. ಇಪ್ಪತ್ತರ ಹತ್ತಿರ ಹೆಸರುಗಳು ಬರುತ್ತವೆ. ಎಲ್ಲಕ್ಕೂ ಟಿಕ್ ಹಾಕಬೇಡಿ. ಪವರ್‌ಶೆಲ್‌ನಲ್ಲಿ ಒಂದೇ ಸಾಲಿನ ಕಮಾಂಡ್‌ನಿಂದ ಎಲ್ಲವನ್ನೂ ಹಾಕಬಹುದು ಅಂತ ಇಲ್ಲಿ ಒಬ್ಬರು ಬರೆದಿದ್ದಾರೆ. ನಿಜ, ಹಾಕಬಹುದು. ಆದರೆ ಕ್ಲಸ್ಟರ್, ಬಿಟ್‌ಲಾಕರ್, ಸ್ಟೋರೇಜ್ ರೆಪ್ಲಿಕಾ ಇವೆಲ್ಲ ನಿಮ್ಮ ಲ್ಯಾಬಿಗೆ ಏಕೆ? ಆ್ಯಕ್ಟಿವ್ ಡೈರೆಕ್ಟರಿ ಡೊಮೇನ್ ಸರ್ವೀಸಸ್ ಎಂದು ಶುರುವಾಗುವುದು ಒಂದು, ಗ್ರೂಪ್ ಪಾಲಿಸಿ ಮ್ಯಾನೇಜ್‌ಮೆಂಟ್ ಒಂದು. ಮೊದಲನೆಯದು ಹುಡುಗರ ಅಕೌಂಟ್ ನೋಡಿಕೊಳ್ಳಲು, ಎರಡನೆಯದು ಕಂಪ್ಯೂಟರ್‌ಗಳಿಗೆ ಸರ್ವರಿನಿಂದ ಹಾಕುವ ನಿಯಮಗಳಿಗೆ. ಈ ಎರಡು ಸಾಕು. ಸರ್ವರೇ ಐಪಿ ಹಂಚುತ್ತಿದ್ದರೆ ಡಿಎಚ್‌ಸಿಪಿ ಸೇರಿಸಿ.

ಇಲ್ಲಿ ಒಂದು ಎರರ್ ಬರುವ ಸಾಧ್ಯತೆ ಇದೆ. 0954 ಎಂದು ಮುಗಿಯುವ ಉದ್ದನೆಯ ಕೋಡ್. ನಿಮ್ಮ ಕಾಲೇಜಿನಲ್ಲಿ ಡೇಟಾ ಉಳಿಸಲು ಅಪ್‌ಡೇಟ್‌ಗಳನ್ನು ಒಂದೇ ಸಲ ಸರ್ವರಿಗೆ ಇಳಿಸಿ, ಅಲ್ಲಿಂದ ಎಲ್ಲ ಕಂಪ್ಯೂಟರಿಗೆ ಹಂಚುತ್ತೀರಿ ಅಂದಿದ್ದಿರಲ್ಲ, ಅದೇ ಕಾರಣ. ನಿಮ್ಮ ಡೆಸ್ಕ್‌ಟಾಪ್ ಆರ್‌ಸ್ಯಾಟ್ ಫೈಲುಗಳನ್ನೂ ಆ ಡಬ್ಲ್ಯುಸಸ್ ಸರ್ವರಿನ ಹತ್ತಿರವೇ ಕೇಳುತ್ತದೆ. ಅದರ ಹತ್ತಿರ ಅವು ಇರುವುದಿಲ್ಲ. ಮನೆಯಲ್ಲಿ ಇಲ್ಲದ ಸಾಮಾನನ್ನು ಅಮ್ಮನ ಹತ್ತಿರ ಕೇಳಿಕೊಂಡು ಕೂತ ಹಾಗೆ. ಅಂಗಡಿಗೆ ಹೋಗಬಹುದು ಅಂತ ಹೇಳಿಕೊಡಬೇಕು, ಅಷ್ಟೆ.

ಹೇಳಿಕೊಡುವ ಜಾಗ ಲೋಕಲ್ ಗ್ರೂಪ್ ಪಾಲಿಸಿ ಎಡಿಟರ್. ಕಂಪ್ಯೂಟರ್ ಕಾನ್ಫಿಗರೇಷನ್, ಅಡ್ಮಿನಿಸ್ಟ್ರೇಟಿವ್ ಟೆಂಪ್ಲೇಟ್ಸ್, ಸಿಸ್ಟಮ್. ಅದರೊಳಗೆ ಐಚ್ಛಿಕ ಕಾಂಪೊನೆಂಟ್ ಇನ್‌ಸ್ಟಾಲ್ ಮತ್ತು ರಿಪೇರಿ ಬಗ್ಗೆ ಒಂದು ಉದ್ದ ಹೆಸರಿನ ಸೆಟ್ಟಿಂಗ್ ಇದೆ, ಸ್ಪೆಸಿಫೈ ಸೆಟ್ಟಿಂಗ್ಸ್ ಅಂತ ಶುರುವಾಗುತ್ತದೆ. ಅದನ್ನು ಎನೇಬಲ್ ಮಾಡಿ, ಕೆಳಗೆ ಡಬ್ಲ್ಯುಸಸ್ ಬದಲು ನೇರ ವಿಂಡೋಸ್ ಅಪ್‌ಡೇಟ್‌ನಿಂದ ಇಳಿಸಿಕೊ ಎಂಬ ಚೌಕಕ್ಕೆ ಟಿಕ್ ಹಾಕಿ. ಮೆಷಿನ್ ರೀಸ್ಟಾರ್ಟ್ ಮಾಡಿ ಮತ್ತೆ ಪ್ರಯತ್ನಿಸಿ. ರಿಜಿಸ್ಟ್ರಿ ತೆಗೆದು ಡಬ್ಲ್ಯುಸಸ್ ಅನ್ನೇ ಆಫ್ ಮಾಡುವ ಉಪಾಯ ಎಲ್ಲ ಕಡೆ ಸಿಗುತ್ತದೆ. ಅದೂ ಕೆಲಸ ಮಾಡುತ್ತದೆ, ಆದರೆ ವಾಪಸ್ ಆನ್ ಮಾಡುವುದನ್ನು ಮರೆಯುವುದೇ ಜಾಸ್ತಿ.

ಹಾಕಿದ ಮೇಲೆ ಸ್ಟಾರ್ಟ್‌ನಲ್ಲಿ ವಿಂಡೋಸ್ ಟೂಲ್ಸ್ ಎಂಬ ಫೋಲ್ಡರಿನಲ್ಲಿ ಎಲ್ಲ ಕುಳಿತಿರುತ್ತವೆ. ಆ್ಯಕ್ಟಿವ್ ಡೈರೆಕ್ಟರಿ ಯೂಸರ್ಸ್ ಆ್ಯಂಡ್ ಕಂಪ್ಯೂಟರ್ಸ್ ತೆಗೆಯಿರಿ. ಸರ್ವರಿನ ಮುಂದೆ ಕೂತು ನೋಡುತ್ತಿದ್ದಿರಲ್ಲ, ಅದೇ ಹಳದಿ ಫೋಲ್ಡರುಗಳ ಮರ. ಈಗ ನಿಮ್ಮ ಮೇಜಿನ ಮೇಲೆ.

ತೆರೆಯದೆ ಡೊಮೇನ್ ಸಿಗುತ್ತಿಲ್ಲ ಅಂದರೆ ಎರಡು ಕಡೆ ನೋಡಿ. ಒಂದು, ನಿಮ್ಮ ಡೆಸ್ಕ್‌ಟಾಪ್‌ನ ಡಿಎನ್‌ಎಸ್, ಅಂದರೆ ಹೆಸರು ಕೊಟ್ಟರೆ ವಿಳಾಸ ಹುಡುಕಿಕೊಡುವ ಸರ್ವರ್. ಇಂಟರ್ನೆಟ್ ನಿಧಾನ ಅಂತ ಯಾರೋ ನಾಲ್ಕು ಎಂಟು ಹಾಕಿರುತ್ತಾರೆ, 8.8.8.8. ಆ ಡಿಎನ್‌ಎಸ್‌ಗೆ ನಿಮ್ಮ ಕಾಲೇಜಿನ ಡೊಮೇನ್ ಎಲ್ಲಿದೆ ಅಂತ ಹೇಗೆ ಗೊತ್ತಿರಬೇಕು? ಅಲ್ಲಿ ನಿಮ್ಮ ಸರ್ವರಿನ ಐಪಿಯೇ ಇರಬೇಕು. ಎರಡು, ಗಡಿಯಾರ. ಡೊಮೇನ್‌ನ ಲಾಗಿನ್ ನಡೆಯುವುದು ಕರ್ಬೆರಾಸ್ ಎಂಬ ಗುರುತು ಪರೀಕ್ಷಿಸುವ ಪದ್ಧತಿಯ ಮೇಲೆ. ಸರ್ವರಿಗೂ ನಿಮ್ಮ ಮೆಷಿನ್‌ಗೂ 5 ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಅದು ಒಪ್ಪುವುದಿಲ್ಲ. ಒಂದು ಸಲ ಅರ್ಧ ದಿನ ಪಾಸ್‌ವರ್ಡ್ ತಪ್ಪಿರಬೇಕು ಅಂತ ಒದ್ದಾಡಿದೆ. ಕೊನೆಗೆ ಬಲಗಡೆ ಮೂಲೆಯಲ್ಲಿ ತಾರೀಖು ನೋಡಿದರೆ ಮೆಷಿನ್ ಇನ್ನೂ ನಾಲ್ಕು ವರ್ಷ ಹಿಂದೆ ಬದುಕುತ್ತಿತ್ತು. ಮದರ್‌ಬೋರ್ಡಿನ ಬಿಲ್ಲೆ ಸೆಲ್ ಸತ್ತಿತ್ತು, ರಾತ್ರಿ ಕರೆಂಟ್ ಹೋದಾಗ ಗಡಿಯಾರ ಹಿಂದಕ್ಕೆ ಓಡಿತ್ತು. ಗಡಿಯಾರದ ಅಂಗಡಿಯಲ್ಲಿ 2032 ನಂಬರಿನ ಸೆಲ್ ಅಂತ ಕೇಳಿದರೆ ಕೊಡುತ್ತಾರೆ.

ಪಾಸ್‌ವರ್ಡ್ ಕೆಲಸ ಸುಲಭ. ಡೊಮೇನ್ ಹೆಸರಿನ ಮೇಲೆ ರೈಟ್ ಕ್ಲಿಕ್, ಫೈಂಡ್, ಹುಡುಗನ ಹೆಸರು. ಸಿಕ್ಕಿದ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ರೀಸೆಟ್ ಪಾಸ್‌ವರ್ಡ್. ಅದೇ ಕಿಟಕಿಯಲ್ಲಿ ಕೆಳಗೆ ಎರಡು ಚೌಕ ಇವೆ. ಮುಂದಿನ ಲಾಗಿನ್‌ನಲ್ಲಿ ಬದಲಾಯಿಸಲಿ ಎಂಬುದಕ್ಕೆ ಟಿಕ್ ಹಾಕಿ, ಇಲ್ಲದಿದ್ದರೆ ಇಡೀ ಕ್ಲಾಸಿನ ಪಾಸ್‌ವರ್ಡ್ ನೀವು ಕೊಟ್ಟದ್ದೇ ಆಗಿ ಉಳಿಯುತ್ತದೆ. ಹತ್ತು ಸಲ ತಪ್ಪು ಹೊಡೆದು ಅಕೌಂಟ್ ಲಾಕ್ ಆಗಿದ್ದರೆ ಅನ್‌ಲಾಕ್ ಎಂಬುದಕ್ಕೂ ಹಾಕಿ. ಅರ್ಧ ನಿಮಿಷದ ಕೆಲಸ.

ರಿಮೋಟ್ ಡೆಸ್ಕ್‌ಟಾಪ್ ಇರುವಾಗ ಇದೆಲ್ಲ ಏಕೆ ಅಂತ ಮೇಲೆ ಒಬ್ಬರು ಕೇಳಿದ್ದಾರೆ. ಪ್ರಶ್ನೆ ಸರಿಯಾಗಿದೆ. ನಾನೂ ಮೊದಲು ಹಾಗೇ ಮಾಡುತ್ತಿದ್ದೆ. ಆದರೆ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ನೀವು ಸರ್ವರಿನ ಒಳಗೇ ಹೋಗಿ ಕೂರುತ್ತೀರಿ, ಅದೂ ಸಾಮಾನ್ಯವಾಗಿ ಡೊಮೇನ್ ಅಡ್ಮಿನ್ ಆಗಿ. ಅಲ್ಲೇ ಬ್ರೌಸರ್ ತೆಗೆಯುತ್ತೀರಿ, ಅಲ್ಲೇ ಪ್ರಿಂಟರ್ ಡ್ರೈವರ್ ಇಳಿಸುತ್ತೀರಿ. ಸುಮ್ನೆ ಲಾಗಾಫ್ ಮಾಡದೆ ಕಿಟಕಿ ಮುಚ್ಚುತ್ತೀರಿ, ಸೆಷನ್ ಹಾಗೇ ಉಳಿಯುತ್ತದೆ. ಏಕಕಾಲಕ್ಕೆ ಇರುವುದು ಎರಡೇ ಸೆಷನ್, ಮೂರನೆಯವರಿಗೆ ಜಾಗವಿಲ್ಲ. ಆರ್‌ಸ್ಯಾಟ್‌ನಲ್ಲಿ ಸರ್ವರಿಗೆ ಲಾಗಿನ್ ಆಗುವುದೇ ಬೇಡ, ಒಂದು ಚಿಕ್ಕ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಇರುವ ಅಕೌಂಟ್ ಸಾಕು. ಇನ್ನು ಮನೆಯಿಂದಲೂ ನೋಡಬೇಕು ಅಂತ ರೌಟರಿನಲ್ಲಿ ರಿಮೋಟ್ ಡೆಸ್ಕ್‌ಟಾಪ್‌ನ 3389 ಪೋರ್ಟ್ ತೆರೆಯುವ ಸಲಹೆ ಕೊಟ್ಟವರ ಮಾತು ದಯವಿಟ್ಟು ಕೇಳಬೇಡಿ.

ಆ ಚಿಕ್ಕ ಅಧಿಕಾರದ ಅಕೌಂಟ್ ಮಾಡುವುದು ಮಾತ್ರ ತಪ್ಪಿಸಬೇಡಿ. ಲ್ಯಾಬ್ ಸಹಾಯಕರು ಅಂತ ಒಂದು ಗ್ರೂಪ್ ಮಾಡಿ, ನಿಮ್ಮ ದಿನನಿತ್ಯದ ಅಕೌಂಟನ್ನು ಅದಕ್ಕೆ ಸೇರಿಸಿ. ವಿದ್ಯಾರ್ಥಿಗಳ ಓಯು, ಅಂದರೆ ಆ ಮರದಲ್ಲಿ ಅವರ ಅಕೌಂಟ್‌ಗಳನ್ನು ಇಟ್ಟ ಫೋಲ್ಡರ್, ಅದರ ಮೇಲೆ ರೈಟ್ ಕ್ಲಿಕ್ ಮಾಡಿದರೆ ಡೆಲಿಗೇಟ್ ಕಂಟ್ರೋಲ್ ಅಂತ ಮೊದಲ ಸಾಲಿನಲ್ಲೇ ಇದೆ. ಅಲ್ಲಿ ಆ ಗ್ರೂಪ್ ಆರಿಸಿ, ಪಾಸ್‌ವರ್ಡ್ ರೀಸೆಟ್ ಮಾಡುವ ಹಕ್ಕಿಗೆ ಟಿಕ್. ಮುಗಿಯಿತು. ಪರೀಕ್ಷೆ ಮಾಡಲು ಪ್ರಿನ್ಸಿಪಾಲರ ಪಾಸ್‌ವರ್ಡ್ ರೀಸೆಟ್ ಮಾಡಿ ನೋಡಿ. ಆಕ್ಸೆಸ್ ಡಿನೈಡ್ ಬಂದರೆ ಸರಿಯಾಗಿದೆ ಅಂತ ಅರ್ಥ. ಬರದಿದ್ದರೆ ನೀವು ಇನ್ನೂ ಡೊಮೇನ್ ಅಡ್ಮಿನ್ ಆಗಿಯೇ ಇದ್ದೀರಿ, ಮತ್ತು ಪ್ರಿನ್ಸಿಪಾಲರಿಗೆ ಒಂದು ವಿವರಣೆ ಕೊಡಬೇಕಾಗುತ್ತದೆ! ಆದ್ದರಿಂದ ಮೊದಲು ಒಂದು ಡಮ್ಮಿ ಶಿಕ್ಷಕರ ಅಕೌಂಟ್ ಮೇಲೆ ಮಾಡಿ. ಅಪರೂಪಕ್ಕೆ ದೊಡ್ಡ ಅಧಿಕಾರ ಬೇಕಾದರೆ ಶಿಫ್ಟ್ ಹಿಡಿದು ಟೂಲ್ ಮೇಲೆ ರೈಟ್ ಕ್ಲಿಕ್ ಮಾಡಿ, ಬೇರೆ ಯೂಸರ್ ಆಗಿ ತೆರೆಯುವ ಆಯ್ಕೆ ಬರುತ್ತದೆ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ನನ್ನ ಕೈಯೇ. ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಡೆ, ಆರ್‌ಸ್ಯಾಟ್ ಹಾಕಿಕೊಂಡ ಹೊಸದು. ಮಧ್ಯಾಹ್ನ ಊಟ ಮಾಡಿ ಬಂದು ಅಕೌಂಟ್ಸ್ ವಿಭಾಗದ ಓಯು ತೆರೆಯಲು ಹೋದೆ. ಮೌಸ್ ಒತ್ತಿದ ಬೆರಳು ಎತ್ತುವ ಮೊದಲೇ ಕೈ ಸ್ವಲ್ಪ ಜಾರಿತು. ಫೋಲ್ಡರ್ ಕೆಳಗಿದ್ದ ಟ್ರೇನಿಂಗ್ ರೂಮಿನ ಓಯು ಮೇಲೆ ಬಿತ್ತು. ಒಂದು ಎಚ್ಚರಿಕೆಯ ಕಿಟಕಿ ಬಂತು, ಓದದೆ ಯೆಸ್ ಒತ್ತಿದೆ. ಎಷ್ಟು ಕಿಟಕಿಗೆ ಯೆಸ್ ಒತ್ತುತ್ತೇವೆ ದಿನಕ್ಕೆ, ಅಲ್ವಾ? ತಕ್ಷಣ ಏನೂ ಆಗಲಿಲ್ಲ. ಅದೇ ಇದರ ಕೆಟ್ಟ ಗುಣ. ಗ್ರೂಪ್ ಪಾಲಿಸಿ ಪ್ರತಿ ಕಂಪ್ಯೂಟರ್‌ಗೂ 90 ನಿಮಿಷಕ್ಕೊಮ್ಮೆ ಹೊಸದಾಗುತ್ತದೆ, ಅದರ ಮೇಲೆ 30 ನಿಮಿಷದವರೆಗೆ ಹೆಚ್ಚೂ ಆಗಬಹುದು. ಟ್ರೇನಿಂಗ್ ರೂಮಿನಲ್ಲಿ ಪೆನ್‌ಡ್ರೈವ್ ಬಂದ್ ಮಾಡಿದ್ದೆವು, ಅದರೊಳಗೆ ಬಿದ್ದ ಅಕೌಂಟ್ಸ್‌ಗೂ ಅದೇ ನಿಯಮ ತಗುಲಿತು. ಮೂರು ಗಂಟೆಗೆ ಅಕೌಂಟ್ಸ್‌ನ ಒಬ್ಬರ ಪೆನ್‌ಡ್ರೈವ್ ಓದುತ್ತಿಲ್ಲ ಅಂತ ಫೋನ್. ಹದಿನೈದು ನಿಮಿಷ ಬಿಟ್ಟು ಇನ್ನೊಬ್ಬರದು. ನಾನು ಪೆನ್‌ಡ್ರೈವ್ ಬದಲಾಯಿಸಿದೆ, ಪೋರ್ಟ್ ಬದಲಾಯಿಸಿದೆ, ವೈರಸ್ ಇರಬೇಕು ಅಂತಲೂ ಹೇಳಿದೆ. ಐದು ಗಂಟೆಗೆ ಮರ ಬಿಡಿಸಿ ನೋಡಿದಾಗ ಅಕೌಂಟ್ಸ್ ಫೋಲ್ಡರ್ ಇರಬೇಕಾದ ಜಾಗದಲ್ಲಿ ಇರಲಿಲ್ಲ.

ಅದು ಹಳೇ ಓಯು. ಆಕಸ್ಮಿಕ ಡಿಲೀಟ್‌ನಿಂದ ರಕ್ಷಿಸು ಎಂಬ ಟಿಕ್ ಅದಕ್ಕೆ ಇರಲಿಲ್ಲ. ಆ ಟಿಕ್ ಇದ್ದಿದ್ದರೆ ಡಿಲೀಟ್ ಮಾತ್ರವಲ್ಲ, ಎಳೆದು ಬೇರೆ ಕಡೆ ಹಾಕುವುದೂ ಆಗುತ್ತಿರಲಿಲ್ಲ. ನಿಮ್ಮಲ್ಲಿ ಇದೆಯೇ ಅಂತ ಇವತ್ತೇ ನೋಡಿ. ವ್ಯೂ ಮೆನುವಿನಲ್ಲಿ ಅಡ್ವಾನ್ಸ್ಡ್ ಫೀಚರ್ಸ್ ಆನ್ ಮಾಡಿದರೆ ಮಾತ್ರ ಕಾಣುತ್ತದೆ, ಓಯು ಪ್ರಾಪರ್ಟೀಸ್‌ನ ಆಬ್ಜೆಕ್ಟ್ ಟ್ಯಾಬ್‌ನಲ್ಲಿ. ಹಾಗೇ ಆ್ಯಕ್ಟಿವ್ ಡೈರೆಕ್ಟರಿ ಅಡ್ಮಿನಿಸ್ಟ್ರೇಟಿವ್ ಸೆಂಟರ್ ತೆಗೆದು ರೀಸೈಕಲ್ ಬಿನ್ ಆನ್ ಮಾಡಿ. ಒಮ್ಮೆ ಆನ್ ಆದರೆ ಆಫ್ ಮಾಡಲು ಬರುವುದಿಲ್ಲ, ಆಫ್ ಮಾಡುವ ಕಾರಣವೂ ಇಲ್ಲ. ಅಳಿಸಿದ ಅಕೌಂಟ್ ಸಾಮಾನ್ಯವಾಗಿ 180 ದಿನ ಅಲ್ಲಿರುತ್ತದೆ.

ಗ್ರೂಪ್ ಪಾಲಿಸಿಯ ಬಗ್ಗೆ ಈಗ ಜಾಸ್ತಿ ಬರೆಯುವುದಿಲ್ಲ, ಅದೇ ಒಂದು ಹೊಸ ಪೋಸ್ಟ್ ಆಗುತ್ತದೆ. ಒಂದೇ ಮಾತು: ಆ ಕನ್ಸೋಲ್‌ನಲ್ಲಿ ಸೇವ್ ಬಟನ್ ಇಲ್ಲ. ಬದಲಾಯಿಸಿ ಓಕೆ ಒತ್ತಿದ ಕ್ಷಣ ಅದು ಸರ್ವರಿನಲ್ಲಿ ಬರೆದಾಗಿರುತ್ತದೆ. ಮುಟ್ಟುವ ಮೊದಲು ಆ ಪಾಲಿಸಿ ಮೇಲೆ ರೈಟ್ ಕ್ಲಿಕ್ ಮಾಡಿ ಬ್ಯಾಕಪ್ ತೆಗೆದುಕೊಳ್ಳಿ.

ಬ್ರೌಸರಿನಲ್ಲೇ ನಡೆಯುವ ವಿಂಡೋಸ್ ಅಡ್ಮಿನ್ ಸೆಂಟರ್ ಬಗ್ಗೆಯೂ ಕೇಳಿದ್ದಿರಿ. ಉಚಿತ, ಚೆನ್ನಾಗಿದೆ. ಡಿಸ್ಕ್ ಎಷ್ಟು ತುಂಬಿದೆ, ಯಾವ ಸರ್ವೀಸ್ ನಿಂತಿದೆ ಅಂತ ನೋಡಲು ಅದೇ ಮೇಲು. ಆದರೆ ಡೊಮೇನ್ ಕಂಟ್ರೋಲರ್, ಅಂದರೆ ಡೊಮೇನ್ ನಡೆಸುವ ಸರ್ವರ್ ಮೇಲೆ ಅದನ್ನು ಹಾಕುವಂತಿಲ್ಲ, ನಿಮ್ಮಲ್ಲಿರುವುದು ಒಂದೇ ಸರ್ವರ್. ಡೆಸ್ಕ್‌ಟಾಪ್‌ನಲ್ಲೇ ಹಾಕಿಕೊಳ್ಳಿ. ಪಾಸ್‌ವರ್ಡ್ ಕೆಲಸಕ್ಕೆ ಆರ್‌ಸ್ಯಾಟೇ ಚುರುಕು.

ಕೈ ಪಳಗಿಸಿಕೊಳ್ಳಲು ಕಾಲೇಜಿನ ಸರ್ವರೇ ಬೇಕಿಲ್ಲ. ವಿಂಡೋಸ್ ಸರ್ವರಿನ ಟ್ರಯಲ್ 180 ದಿನ ಪುಕ್ಕಟೆ ಸಿಗುತ್ತದೆ. ಪ್ರೊ ಮೆಷಿನ್‌ನಲ್ಲಿ ಹೈಪರ್-ವಿ (ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರ್ ನಡೆಸುವ ಸೌಲಭ್ಯ) ಆನ್ ಮಾಡಿ, 4 ಜಿಬಿ ರ‍್ಯಾಮ್ ಕೊಟ್ಟು ಒಂದು ಸುಳ್ಳು ಡೊಮೇನ್ ಕಟ್ಟಿ. ಓಯು ಎಳೆದಾಡಿ, ಅಳಿಸಿ, ವಾಪಸ್ ತನ್ನಿ. ನಾನು ಈಗಲೂ ಹೊಸದೇನಾದರೂ ಮಾಡುವ ಮೊದಲು ಅಲ್ಲೇ ಮಾಡಿ ನೋಡುತ್ತೇನೆ.

ನಾಳೆ ಹಾಕಿದ ಮೇಲೆ 0954 ಬಂತಾ ಇಲ್ಲವಾ ಅಂತ ಇಲ್ಲೇ ಬರೆಯಿರಿ. ಸ್ಕ್ರೀನ್‌ಶಾಟ್ ಹಾಕುವುದಾದರೆ ಡೊಮೇನ್ ಹೆಸರು, ಹುಡುಗರ ಹೆಸರು ಮುಚ್ಚಿ ಹಾಕಿ. ಹೋದ ವಾರ ಒಬ್ಬರು ಪಾಸ್‌ವರ್ಡ್ ಬರೆದಿಟ್ಟ ಚೀಟಿ ಅಂಟಿಸಿದ್ದ ಮಾನಿಟರಿನ ಫೋಟೊವನ್ನೇ ಗುಂಪಿಗೆ ಹಾಕಿದ್ದರು.