ಗೇಟಿನಲ್ಲಿ ಕೆಲಸ, ಮನೆಗೆ ಹೇಳಿದ್ದು ಲೈಬ್ರರಿ

ಪ್ರಶ್ನೆ: ನಾನು ದಾವಣಗೆರೆಯವಳು. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಎಂ.ಎಸ್. ಎರಡನೇ ವರ್ಷ ಓದುತ್ತಿದ್ದೇನೆ. ಡೈನಿಂಗ್ ಹಾಲ್‌ನಲ್ಲಿ ವಾರಕ್ಕೆ 12 ಗಂಟೆ ಕೆಲಸ ಇತ್ತು. ಖರ್ಚಿಗೆ ಸಾಲುತ್ತಿಲ್ಲ ಅಂತ ಆಗಸ್ಟ್‌ನಲ್ಲಿ ಇನ್ನೊಂದು ಪಾರ್ಟ್‌ಟೈಮ್ ಸೇರಿದೆ. ಅಮೆರಿಕನ್ ಫುಟ್‌ಬಾಲ್ ಮ್ಯಾಚ್ ದಿನ ವಿಶ್ವವಿದ್ಯಾಲಯದ ಕಿನಿಕ್ ಸ್ಟೇಡಿಯಂ ಗೇಟಿನಲ್ಲಿ ಟಿಕೆಟ್ ಸ್ಕ್ಯಾನ್ ಮಾಡುವುದು, ಆಮೇಲೆ ಒಳಗೆ ಸೀಟು ತೋರಿಸುವುದು. ಆ ಆಟದ ತಲೆಬುಡ ಗೊತ್ತಿರಲಿಲ್ಲ. ಈಗ ಶನಿವಾರ ಯಾವಾಗ ಬರುತ್ತದೋ ಅಂತ ಕಾಯುತ್ತೇನೆ. ಮೊದಲ ಕ್ವಾರ್ಟರ್ (ಆಟದ ಕಾಲು ಭಾಗ) ಮುಗಿದಾಗ ಇಡೀ ಸ್ಟೇಡಿಯಂ ಪಕ್ಕದ ಮಕ್ಕಳ ಆಸ್ಪತ್ರೆ ಕಡೆ ತಿರುಗಿ ಕೈ ಬೀಸುತ್ತದೆ. ಮೊದಲ ಸಲ ನೋಡಿದಾಗ ಅತ್ತುಬಿಟ್ಟೆ. ಈಗ ನವೆಂಬರ್‌ನಲ್ಲಿ ಕುಸ್ತಿ ಶುರುವಾಗಿದೆ. ಹುಡುಗಿಯರ ಕುಸ್ತಿ ತಂಡವೂ ಇದೆ! ನಮ್ಮಜ್ಜ ಪೈಲ್ವಾನರು. ತಮ್ಮನನ್ನು ಗರಡಿ ಮನೆ ಒಳಗೆ ಕರೆದುಕೊಂಡು ಹೋಗುತ್ತಿದ್ದರು. ನಾನು ಹೊರಗೆ ಕೂತು ಚಪ್ಪಲಿ ಕಾಯುತ್ತಿದ್ದೆ. ಮನೆಯಲ್ಲಿ ಲೈಬ್ರರಿ ಕೆಲಸ ಅಂತ ಸುಳ್ಳು ಹೇಳಿದ್ದೇನೆ. ಅಪ್ಪ ಸೈಟ್ ಅಡ ಇಟ್ಟು ಸಾಲ ತೆಗೆದಿದ್ದಾರೆ, ಗೇಟ್ ಕಾಯುತ್ತೇನೆ ಅಂದರೆ ನೊಂದುಕೊಳ್ಳುತ್ತಾರೆ. ರೂಮ್‌ಮೇಟ್‌ಗಳು ‘ನೀನು ಅಮೆರಿಕನ್ ಆಗ್ಬಿಟ್ಟೆ’ ಅಂತಾರೆ. ಸೂಪರ್‌ವೈಸರ್ ಚಳಿಗಾಲದ ಕುಸ್ತಿ, ಬ್ಯಾಸ್ಕೆಟ್‌ಬಾಲ್‌ಗೂ ಬರುತ್ತೀಯಾ ಅಂತ ಕೇಳಿದ್ದಾರೆ. ವೀಸಾದ ಮಿತಿಯಾದ ವಾರಕ್ಕೆ 20 ಗಂಟೆ ದಾಟಿದರೆ ಸಂಬಳ ಇಲ್ಲದೆ ವಾಲಂಟಿಯರ್ ಆಗಿ ಹೋಗಲಾ ಅಂತ ಯೋಚನೆ. ಮೇ ತಿಂಗಳಿಗೆ ಓದು ಮುಗಿಯುತ್ತದೆ. ಈ ಕೆಲಸ ಬಿಡಲಾ, ಇಟ್ಟುಕೊಳ್ಳಲಾ?
– ಹೆಸರು ಬೇಡ, ಅಯೋವಾ ಸಿಟಿ

ಉತ್ತರ: ವೀಸಾ ವಿಷಯ ಮೊದಲು ಮುಗಿಸಿಬಿಡೋಣ. ಅದರಲ್ಲಿ ನನ್ನ ಅಭಿಪ್ರಾಯಕ್ಕೆ ಜಾಗವೇ ಇಲ್ಲ. ಎಫ್-1 ಅಂದರೆ ವಿದ್ಯಾರ್ಥಿ ವೀಸಾದವರು ತರಗತಿ ನಡೆಯುವ ದಿನಗಳಲ್ಲಿ ಕ್ಯಾಂಪಸ್‌ನಲ್ಲಿ ವಾರಕ್ಕೆ 20 ಗಂಟೆ ಮಾತ್ರ ಕೆಲಸ ಮಾಡಬಹುದು. ಒಂದೊಂದು ಕೆಲಸಕ್ಕೆ 20 ಅಲ್ಲ, ಎಲ್ಲಾ ಸೇರಿ 20. ಡೈನಿಂಗ್ ಹಾಲ್‌ನ 12 ಹೋದರೆ ಉಳಿಯುವುದು 8. ಗೇಟ್ ತೆರೆಯುವ ಮುಂಚೆ ಹೋಗಿ, ಮೂರೂವರೆ ಗಂಟೆಯ ಆಟ ಮುಗಿದು, ಜನ ಖಾಲಿಯಾಗುವ ತನಕ ನಿಂತರೆ ಒಂದು ಶನಿವಾರಕ್ಕೇ ಅದು ಸರಿಹೋಗುತ್ತದೆ, ಅಲ್ವಾ? ಅದೇ ವಾರ ಒಂದು ಕುಸ್ತಿಯೋ ಬ್ಯಾಸ್ಕೆಟ್‌ಬಾಲೋ ಬಂದರೆ ಎಲ್ಲಿ ತುರುಕುತ್ತೀರಿ?

ವಾಲಂಟಿಯರ್ ಯೋಚನೆ ಇವತ್ತೇ ಬಿಟ್ಟುಬಿಡಿ. ಪಕ್ಕದಲ್ಲಿ ನಿಂತವರು ಸಂಬಳಕ್ಕೆ ಮಾಡುವ ಕೆಲಸವನ್ನೇ ನೀವು ಬಿಟ್ಟಿ ಮಾಡಿದರೆ ಅದು ಸೇವೆ ಅನ್ನಿಸಿಕೊಳ್ಳುವುದಿಲ್ಲ. ಕೆಲಸ ಅಂತಲೇ ಲೆಕ್ಕಕ್ಕೆ ಬರಬಹುದು. ಎರಡು ಗಂಟೆಯ ಆಸೆಗೆ ಎರಡು ವರ್ಷದ ಓದನ್ನು ಪಣಕ್ಕಿಡಬೇಡಿ.

ಇನ್ನೊಂದನ್ನೂ ನೋಡಿಕೊಳ್ಳಿ. ನಿಮಗೆ ಸಂಬಳ ಕೊಡುವುದು ವಿಶ್ವವಿದ್ಯಾಲಯವೋ, ಗುತ್ತಿಗೆ ಹಿಡಿದ ಬೇರೆ ಕಂಪನಿಯೋ? ಕ್ಯಾಂಪಸ್ ಒಳಗಿನ ಖಾಸಗಿ ಕಂಪನಿಯಾದರೆ ಅದು ನೇರವಾಗಿ ವಿದ್ಯಾರ್ಥಿಗಳಿಗೆ ಸೇವೆ ಕೊಡುವಂಥದ್ದಾಗಿರಬೇಕು ಅಂತ ನಿಯಮ ಇದೆ. ಸಂಬಳದ ಚೀಟಿಯಲ್ಲಿ ಯಾರ ಹೆಸರಿದೆ ನೋಡಿ. ಅನುಮಾನ ಬಂದರೆ ವಿದೇಶಿ ವಿದ್ಯಾರ್ಥಿಗಳ ಕಚೇರಿಗೆ ಇಮೇಲ್ ಹಾಕಿ. ಬಾಯಿಮಾತಲ್ಲಿ ಕೇಳಬೇಡಿ, ಉತ್ತರ ಬರವಣಿಗೆಯಲ್ಲಿ ಇರಲಿ.

ಇಷ್ಟು ಹೆದರಿಸಿದ ಮೇಲೆ ಒಂದು ಒಳ್ಳೆ ಸುದ್ದಿ. ಡಿಸೆಂಬರ್ ಮಧ್ಯದಿಂದ ಜನವರಿ ತನಕ ರಜೆ ಇರುತ್ತದಲ್ಲ, ಮುಂದಿನ ಸೆಮಿಸ್ಟರ್‌ಗೆ ಓದು ಮುಂದುವರಿಸುವವರಿಗೆ ಆಗ ಈ 20 ಗಂಟೆಯ ಮಿತಿ ಇರುವುದಿಲ್ಲ. ಆಗ ಊರಿಗೆ ಹೋಗುವ ವಿದ್ಯಾರ್ಥಿಗಳೇ ಜಾಸ್ತಿ, ಆದರೆ ಬ್ಯಾಸ್ಕೆಟ್‌ಬಾಲ್, ಕುಸ್ತಿ ನಡೆಯುತ್ತಲೇ ಇರುತ್ತವೆ. ಸೂಪರ್‌ವೈಸರ್‌ಗೆ ಹೇಳಿ: ರಜೆಯಲ್ಲಿ ಎಷ್ಟು ಶಿಫ್ಟ್ ಬೇಕಾದರೂ ಕೊಡಿ, ತರಗತಿ ಶುರುವಾದ ಮೇಲೆ ವಾರಕ್ಕೆ ಒಂದೇ. ಅವರಿಗೂ ಆಗ ಕೈಗಳು ಬೇಕಿರುತ್ತವೆ.

ಹಾಗಾಗಿ ನನ್ನ ಉತ್ತರ: ಬಿಡಬೇಡಿ. ಕಡಿಮೆ ಮಾಡಬೇಕಿದ್ದರೆ ಡೈನಿಂಗ್ ಹಾಲ್‌ನ ಗಂಟೆ ಕಡಿಮೆ ಮಾಡಿ. ಆದರೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಮೇ ತಿಂಗಳಿಗೆ ಓದು ಮುಗಿಯುತ್ತದೆ ಅಂತ ಕೊನೆಯಲ್ಲಿ ಒಂದೇ ಸಾಲು ಬರೆದಿದ್ದೀರಿ. ಕೆಲಸ ಹುಡುಕುತ್ತಿರುವ ಬಗ್ಗೆ ಒಂದಕ್ಷರ ಇಲ್ಲ. ಓಪಿಟಿ, ಅಂದರೆ ಓದು ಮುಗಿದ ಮೇಲೆ ಅಲ್ಲೇ ಕೆಲಸ ಮಾಡಲು ಸಿಗುವ ಅನುಮತಿ, ಶುರುವಾದ ಮೇಲೆ ಒಟ್ಟು 90 ದಿನಕ್ಕಿಂತ ಜಾಸ್ತಿ ಕೆಲಸ ಇಲ್ಲದೆ ಇರುವ ಹಾಗಿಲ್ಲ, ಅದು ನಿಮಗೂ ಗೊತ್ತು. ದೊಡ್ಡ ಕಂಪನಿಗಳು ಹೊಸಬರನ್ನು ಆರಿಸುವ ಕಾಲವೂ ಸೆಪ್ಟೆಂಬರ್‌ನಿಂದ ನವೆಂಬರ್, ಸರಿಯಾಗಿ ಫುಟ್‌ಬಾಲ್ ಕಾಲ. ಶನಿವಾರ ಗೇಟಿನಲ್ಲಿ ನಿಲ್ಲಿ, ಬೇಡ ಅನ್ನುವುದಿಲ್ಲ. ಭಾನುವಾರ ಬೆಳಿಗ್ಗೆ ಅರ್ಜಿ ಹಾಕುವುದಕ್ಕೆ ಅಂತಲೇ ಎತ್ತಿಡಿ.

ಈಗ ಮನೆಯ ವಿಷಯ. ಅಪ್ಪ ನೊಂದುಕೊಳ್ಳುತ್ತಾರೆ ಅಂತ ನೀವೇ ತೀರ್ಮಾನ ಮಾಡಿದ್ದೀರಿ, ಅವರನ್ನು ಕೇಳಿಲ್ಲ. ಎರಡು ದಿನ ಮುಖ ಊದಿಸಿಕೊಳ್ಳಬಹುದು, ನಿಜ. ಪಕ್ಕದ ಮನೆಯವರಿಗೆ ಏನು ಹೇಳುವುದು ಅಂತ ಅವರಿಗೂ ಒಂದು ಸಂಕಟ ಇರುತ್ತದೆ. ಆದರೆ ದಾವಣಗೆರೆಯವರು ಎಲ್ಲಿಲ್ಲ ಹೇಳಿ? ನೀವು ಜಾಕೆಟ್ ಹಾಕಿಕೊಂಡು ಗೇಟಿನಲ್ಲಿ ನಿಂತ ಫೋಟೋ ಯಾರದೋ ಫೋನಿನಿಂದ ಅಪ್ಪನ ಫೋನಿಗೆ ಬಂದರೆ, ಆಗ ಅವರಿಗೆ ಚುಚ್ಚುವುದು ಕೆಲಸ ಅಲ್ಲ, ಮಗಳ ಸುಳ್ಳು. ಸೈಟ್ ಅಡ ಇಟ್ಟವರಿಗೆ ರೂಪಾಯಿಯ ಬೆಲೆ ಗೊತ್ತಿರುತ್ತದೆ. ತಿಂಗಳಿಗೆ ಎಷ್ಟು ಸಿಗುತ್ತದೆ, ಅದರಲ್ಲಿ ಬಾಡಿಗೆಗೆ ಎಷ್ಟು ಹೋಗುತ್ತದೆ, ಕೆಲಸ ಹುಡುಕುವುದು ಎಲ್ಲಿಗೆ ಬಂತು – ಈ ಮೂರನ್ನೂ ಒಟ್ಟಿಗೆ ಹೇಳಿ. ಮೂರನೆಯದಕ್ಕೆ ಉತ್ತರ ಇಟ್ಟುಕೊಂಡೇ ಫೋನ್ ಮಾಡಿ.

ಬೇರೆಯವರಾಗಿದ್ದರೆ ಅಪ್ಪನಿಗೆ ನೇರವಾಗಿ ಹೇಳಿ ಅನ್ನುತ್ತಿದ್ದೆ, ಅಷ್ಟೇ. ನಿಮಗೆ ಬೇರೆ ದಾರಿ ಇದೆ. ಅಜ್ಜನನ್ನೂ ಅಪ್ಪನನ್ನೂ ಒಟ್ಟಿಗೆ ಕೂರಿಸಿ ವಿಡಿಯೋ ಕಾಲ್ ಮಾಡಿ. ಯಾಕಂದರೆ ನೀವು ಹೋಗಿ ಬಿದ್ದಿರುವುದು ಎಲ್ಲೋ ಅಲ್ಲ, ಅಮೆರಿಕದ ಕುಸ್ತಿಯ ಊರಿಗೆ. ಕುಸ್ತಿ ನಡೆಯುವ ಕಾರ್ವರ್-ಹಾಕಾಯ್ ಅರೆನಾ ಹೊರಗೆ ಡ್ಯಾನ್ ಗೇಬಲ್ ಪ್ರತಿಮೆ ಇದೆಯಲ್ಲ, ಅದರ ಮುಂದೆ ನಿಂತೇ ಫೋನ್ ಮಾಡಿ, ಚಳಿ ತಡೆದುಕೊಂಡರೆ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಎದುರಾಳಿಗೆ ಒಂದು ಪಾಯಿಂಟೂ ಬಿಟ್ಟುಕೊಡದೆ ಚಿನ್ನ ಗೆದ್ದವರು. ಆಮೇಲೆ ಕೋಚ್ ಆಗಿ ಅಯೋವಾಕ್ಕೆ 15 ರಾಷ್ಟ್ರೀಯ ಪ್ರಶಸ್ತಿ ತಂದುಕೊಟ್ಟರು. ಇಷ್ಟು ಹೇಳಿದರೆ ಸಾಕು, ಅಜ್ಜ ಫೋನನ್ನು ಅಪ್ಪನ ಕೈಯಿಂದ ಕಿತ್ತುಕೊಳ್ಳುತ್ತಾರೆ. ಅಲ್ಲಿ ಮಣ್ಣಿಲ್ಲ, ಮ್ಯಾಟ್. ನಮ್ಮಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಚಿತ್. ಅಲ್ಲಿನ ಹುಡುಗರ ಕಾಲೇಜು ಕುಸ್ತಿಯಲ್ಲಿ ಎರಡೂ ಭುಜವನ್ನು ಒಂದು ಸೆಕೆಂಡ್ ಮ್ಯಾಟ್‌ಗೆ ಒತ್ತಿ ಹಿಡಿಯಬೇಕು. ಎದುರಾಳಿಯನ್ನು ಕೆಳಗೆ ಹಾಕಿ ಮೇಲೆ ಕೂತು ಹಿಡಿತ ಬಿಡದೆ ಇದ್ದರೆ, ಆ ಸಮಯದ ಲೆಕ್ಕ ಇಟ್ಟು, ಒಂದು ನಿಮಿಷ ಮೇಲುಗೈ ಆದವರಿಗೆ ಕೊನೆಯಲ್ಲಿ ಒಂದು ಪಾಯಿಂಟ್ ಸೇರಿಸುತ್ತಾರೆ. ಇದು ಸರಿಯೋ ತಪ್ಪೋ ಅಂತ ಅಜ್ಜ ಅರ್ಧ ಗಂಟೆ ವಾದ ಮಾಡಲಿ. ಫುಟ್‌ಬಾಲ್ ಸ್ಟೇಡಿಯಂನಲ್ಲಿ ಎದುರಾಳಿ ತಂಡದ ಡ್ರೆಸ್ಸಿಂಗ್ ರೂಮ್‌ಗೆ ಬೇಕಂತಲೇ ಗುಲಾಬಿ ಬಣ್ಣ ಬಳಿದಿದ್ದಾರೆ ಅನ್ನುವುದನ್ನೂ ಹೇಳಿ. ನಗುತ್ತಾರೆ.

ನಗು ಮುಗಿದ ಮೇಲೆ ಹುಡುಗಿಯರ ತಂಡದ ಕಥೆ ಹೇಳಿ. ಅದು ಯಾರೋ ದೊಡ್ಡ ಮನಸ್ಸು ಮಾಡಿ ಕೊಟ್ಟಿದ್ದಲ್ಲ. 2020ರಲ್ಲಿ ವಿಶ್ವವಿದ್ಯಾಲಯ ಖರ್ಚು ಉಳಿಸಲು ನಾಲ್ಕು ತಂಡಗಳನ್ನು ನಿಲ್ಲಿಸಲು ಹೊರಟಿತು. ಅದರಲ್ಲಿ ಹುಡುಗಿಯರ ಈಜು ತಂಡವೂ ಇತ್ತು. ಈಜುವ ಹುಡುಗಿಯರು ಕೋರ್ಟಿಗೆ ಹೋದರು. ಓದಿನಲ್ಲಾಗಲಿ ಆಟದಲ್ಲಾಗಲಿ ಹೆಣ್ಣು ಅನ್ನುವ ಕಾರಣಕ್ಕೆ ತಾರತಮ್ಯ ಮಾಡಬಾರದು ಅನ್ನುವ 1972ರ ಟೈಟಲ್ ನೈನ್ ಕಾನೂನು ಅವರ ಕೈಯಲ್ಲಿತ್ತು. ಈಜು ತಂಡ ಉಳಿಯಿತು. 2021ರ ರಾಜಿಯಲ್ಲಿ ಹುಡುಗಿಯರ ಕುಸ್ತಿಯೂ ಸೇರಿತು. 2023-24ರಲ್ಲಿ ಆ ತಂಡ ಮೊದಲ ಬಾರಿ ಕಣಕ್ಕಿಳಿಯಿತು, ಅದೇ ವರ್ಷ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ನೀವು ಸೀಟು ತೋರಿಸುವ ಜಾಗದ ಹಿಂದೆ ಇಷ್ಟೆಲ್ಲಾ ಇದೆ.

ಚಪ್ಪಲಿ ಕಾಯುತ್ತಿದ್ದ ವಿಷಯವನ್ನು ನೀವು ಪತ್ರದಲ್ಲಿ ತಮಾಷೆ ಥರ ಬರೆದಿದ್ದೀರಿ. ನನಗೆ ಹಾಗೆ ಕಾಣಲಿಲ್ಲ. ಗರಡಿಯೊಳಗೆ ಆಂಜನೇಯ ಇದ್ದಾನೆ, ಹೆಣ್ಣುಮಕ್ಕಳು ಬರಬಾರದು ಅಂತ ಅಜ್ಜ ನಂಬಿದ್ದರು. ಅವರ ಕಾಲದಲ್ಲಿ ಎಲ್ಲರೂ ನಂಬಿದ್ದರು. ಈಗ ಮೈಸೂರು ದಸರಾ ಕುಸ್ತಿಯಲ್ಲೂ ಹುಡುಗಿಯರ ಜೋಡಿ ಕಟ್ಟುತ್ತಾರೆ, ಅದು ಅಜ್ಜನಿಗೂ ಗೊತ್ತಿರುತ್ತದೆ. ಜಗಳ ಆಡಬೇಡಿ. ಆದರೆ ‘ಅಜ್ಜ, ನನಗೂ ಆಗ ಒಳಗೆ ಬರಬೇಕು ಅಂತ ಆಸೆ ಇತ್ತು’ ಅಂತ ಒಂದು ಸಲ ಹೇಳಿ. ಅವರು ಏನಂತಾರೋ ಅನ್ನಲಿ. ಸುಮ್ಮನಿದ್ದರೂ ಪರವಾಗಿಲ್ಲ.

ಕೆಲಸದ ದಿನ ನಿಮ್ಮ ಕಣ್ಣು ಜನರ ಮೇಲಿರಬೇಕು, ಮ್ಯಾಟ್ ಮೇಲೆ ಅಲ್ಲ. ಅದಕ್ಕೆ ಒಂದು ದಿನವಾದರೂ ಶಿಫ್ಟ್ ಇಲ್ಲದಾಗ ಟಿಕೆಟ್ ತಗೊಂಡು ಹೋಗಿ ಕೂತು ಪೂರ್ತಿ ನೋಡಿ.

ರೂಮ್‌ಮೇಟ್‌ಗಳ ಮಾತಿಗೆ ನಾನು ಜಾಸ್ತಿ ಬೆಲೆ ಕೊಡುವುದಿಲ್ಲ. ಅಯೋವಾ ಸಿಟಿಯಲ್ಲಿ ನಡೆಯುವ ಫುಟ್‌ಬಾಲ್ ಮ್ಯಾಚ್ ವರ್ಷಕ್ಕೆ ಏಳೋ ಎಂಟೋ. ಅಷ್ಟಕ್ಕೆ ಯಾರೂ ಅಮೆರಿಕನ್ ಆಗಿಬಿಡುವುದಿಲ್ಲ. ಆದರೆ ಒಂದು ಕೇಳುತ್ತೇನೆ, ಶನಿವಾರ ನಿಮ್ಮ ಅಡುಗೆ ಪಾಳಿ ಯಾರು ಮಾಡುತ್ತಿದ್ದಾರೆ? ಪತ್ರದಲ್ಲಿ ಇಲ್ಲ. ಅವರ ಸಿಟ್ಟು ಅಮೆರಿಕದ ಮೇಲಲ್ಲ, ಸಿಂಕ್‌ನಲ್ಲಿ ಉಳಿದ ಪಾತ್ರೆಗಳ ಮೇಲೆ ಇರಬಹುದು. ಭಾನುವಾರ ರಾತ್ರಿಯ ಅಡುಗೆ ನನ್ನದು ಅಂತ ಹೇಳಿಬಿಡಿ. ಟಿಕೆಟ್ ತಗೊಂಡು ಕುಸ್ತಿ ನೋಡಲು ಹೋಗುವ ದಿನ ಅವರಲ್ಲಿ ಒಬ್ಬಳನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ. ಅವಳ ಟಿಕೆಟ್ ದುಡ್ಡು ನೀವೇ ಕೊಡಿ.