ಮೈಯೊಳಗಿನ ವೈರಸ್‌ಗಳಿಗೆಲ್ಲ ಹೆದರಬೇಕೆ?

ಪಾಂಡವಪುರದ ಓದುಗರಿಗೆ ನಮಸ್ಕಾರ.

ಆರೋಗ್ಯವಂತರ ದೇಹದಲ್ಲೂ ಲೆಕ್ಕವಿಲ್ಲದಷ್ಟು ವೈರಸ್‌ಗಳಿರುತ್ತವೆ ಎಂಬುದನ್ನು ನಮ್ಮ ಕಳೆದ ಸಂಚಿಕೆಯಲ್ಲಿ ಓದಿ ದಿಗಿಲಾಯಿತೆಂದು ಬರೆದಿದ್ದೀರಿ. ಅದೇ ಹೊತ್ತಿಗೆ ನಿಮ್ಮ ತಾಯಿಯವರಿಗೆ ಸರ್ಪಸುತ್ತು ಆಗಿದ್ದು, ಅದು ಎದುರು ಮನೆಯವರಿಂದ ಅಂಟಿತೆಂದು ನೆಂಟರು ಹೇಳುತ್ತಿದ್ದಾರೆ. ಮನೆಮಂದಿಯೆಲ್ಲ ಮೈಸೂರಿಗೆ ಬಂದು ‘ಎಲ್ಲ ವೈರಸ್‌ಗಳ’ ರಕ್ತಪರೀಕ್ಷೆ ಮಾಡಿಸಬಹುದೇ ಎಂಬುದು ನಿಮ್ಮ ಪ್ರಶ್ನೆ. ದಯವಿಟ್ಟು ಅದಕ್ಕೆ ಹಣ ಸುರಿಯಬೇಡಿ.

ನಮ್ಮೊಳಗಿನ ವೈರಸ್‌ಗಳಲ್ಲಿ ಬಹುಪಾಲು ನಮ್ಮ ಜೀವಕೋಶಗಳ ತಂಟೆಗೇ ಬರುವುದಿಲ್ಲ. ಅವು ಕರುಳಿನ ಬ್ಯಾಕ್ಟೀರಿಯಾಗಳೊಳಗೆ ಹೊಕ್ಕು ಬೆಳೆಯುವ ಬ್ಯಾಕ್ಟೀರಿಯೊಫೇಜ್‌ಗಳು. ಕ್ರ್ಯಾಸ್‌ಫೇಜ್ ಎಂಬುದು ಜಗತ್ತಿನ ಅಸಂಖ್ಯ ಜನರ ಕರುಳಿನಲ್ಲಿದ್ದರೂ, ಮಲದ ಮಾದರಿಗಳಲ್ಲಿದ್ದ ಡಿಎನ್‌ಎ ತುಣುಕುಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿ ನೋಡಿದ ವಿಜ್ಞಾನಿಗಳು 2014ರಲ್ಲಿ ವರದಿ ಮಾಡುವವರೆಗೆ ಅದರ ಸುಳಿವೇ ಇರಲಿಲ್ಲ. 1997ರಲ್ಲಿ ಜಪಾನಿನಲ್ಲಿ ಮೊದಲು ಗುರುತಿಸಲಾದ ಟಿಟಿ ವೈರಸ್ಸಿನ ಕುಟುಂಬದವಂತೂ ಬಹುತೇಕ ಎಲ್ಲರ ರಕ್ತದಲ್ಲಿವೆ, ಅವುಗಳಿಂದ ಇಂಥದೇ ಕಾಯಿಲೆ ಬರುತ್ತದೆಂದು ಸಾಬೀತಾಗಿಲ್ಲ. ಎಲ್ಲವನ್ನೂ ಹುಡುಕುವ ಪರೀಕ್ಷೆ ಮಾಡಿಸಿದರೆ ಇಂಥವೂ ಸಿಗುತ್ತವೆ. ಕೈಗೆ ಬರುವುದು ಗಾಬರಿ ಮಾತ್ರ.

ಇನ್ನು ನಿಮ್ಮ ತಾಯಿಯವರ ವಿಷಯ. ನಮ್ಮ ಕಡೆ ‘ಅಮ್ಮ’ ಎಂದು ಕರೆದು, ಬೇವಿನ ಸೊಪ್ಪಿನ ಮೇಲೆ ಮಲಗಿಸುತ್ತಿದ್ದ ಸೀತಾಳೆ ಸಿಡುಬಿನ ವೈರಸ್, ಗುಳ್ಳೆಗಳು ಒಣಗಿದ ಮೇಲೂ ದೇಹ ಬಿಟ್ಟು ಹೋಗುವುದಿಲ್ಲ. ಬೆನ್ನುಹುರಿಯ ಪಕ್ಕದ ನರದ ಗಂಟುಗಳಲ್ಲಿ ಹತ್ತಾರು ವರ್ಷ ಸದ್ದಿಲ್ಲದೆ ಇದ್ದು, ವಯಸ್ಸಿನಿಂದಲೋ ಬೇರೆ ಕಾಯಿಲೆಯಿಂದಲೋ ರೋಗನಿರೋಧಕ ಶಕ್ತಿ ಕುಂದಿದಾಗ, ಒಂದು ನರದ ಗುಂಟ ಚರ್ಮಕ್ಕೆ ಇಳಿದು ಸರ್ಪಸುತ್ತಾಗುತ್ತದೆ. ಸಾಮಾನ್ಯವಾಗಿ ಮೈಯ ಒಂದೇ ಮಗ್ಗುಲಿಗೆ ಪಟ್ಟಿಯಂತೆ ಏಳುವುದು ಇದರಿಂದಲೇ; ತಲೆ-ಬಾಲ ಕೂಡಿದರೆ ಪ್ರಾಣ ಹೋಗುತ್ತದೆಂಬ ಭಯಕ್ಕೆ ಆಧಾರವಿಲ್ಲ. ಎದುರು ಮನೆಯವರಿಂದ ಸರ್ಪಸುತ್ತು ಅಂಟಿಲ್ಲ, ಅವರ ಮೇಲೆ ಬೇಸರ ಬೇಡ. ಆದರೆ ಗುಳ್ಳೆಯ ನೀರು ತಾಗಿದರೆ, ಸೀತಾಳೆ ಸಿಡುಬು ಬಾರದ, ಲಸಿಕೆಯನ್ನೂ ಪಡೆಯದ ಮಗುವಿಗೋ ಬಸುರಿಗೋ ಸೀತಾಳೆ ಸಿಡುಬು ಬರಬಹುದಾದ್ದರಿಂದ, ಹಕ್ಕಳೆ ಕಟ್ಟುವವರೆಗೆ ಗುಳ್ಳೆಗಳನ್ನು ಮುಚ್ಚಿಡಿ.

ಕಾವಿ ಹಚ್ಚುವುದು, ಮಂತ್ರ ಹಾಕಿಸುವುದು ಎಂದು ದಿನ ಕಳೆಯುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಗುಳ್ಳೆ ಕಂಡ 72 ಗಂಟೆಗಳೊಳಗೆ ವೈರಸ್ ನಿರೋಧಕ ಮಾತ್ರೆ ಶುರುವಾದರೆ ಹೆಚ್ಚು ಪ್ರಯೋಜನ. ತಡವಾಗಿದ್ದರೂ ವೈದ್ಯರನ್ನು ಕಾಣಬೇಕು. ಹಣೆ, ಕಣ್ಣು, ಮೂಗಿನ ತುದಿಯ ಬಳಿ ಗುಳ್ಳೆ ಎದ್ದಿದ್ದರೆ ಅದೇ ದಿನ ಕಣ್ಣಿನ ವೈದ್ಯರಿಗೆ ತೋರಿಸಿ, ದೃಷ್ಟಿಗೆ ಅಪಾಯವಿದೆ.

ಒಳಗಿರುವ ವೈರಸ್‌ಗಳೆಲ್ಲ ನಿರುಪದ್ರವಿಗಳೆಂದೂ ತಿಳಿಯಬೇಡಿ. ಎಪ್ಸ್ಟೀನ್-ಬಾರ್ ವೈರಸ್ ವಯಸ್ಕರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮಂದಿಯಲ್ಲಿದ್ದು, ಹೆಚ್ಚಿನವರಿಗೆ ತೊಂದರೆ ಕೊಡದಿದ್ದರೂ, ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗಕ್ಕೂ ಅದಕ್ಕೂ ಗಾಢ ನಂಟಿದೆಯೆಂದು ಅಮೆರಿಕದ ಸೈನಿಕರ ರಕ್ತದ ಮಾದರಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಹೆಪಟೈಟಿಸ್ ಬಿ ವರ್ಷಗಟ್ಟಲೆ ಯಕೃತ್ತಿನಲ್ಲಿದ್ದು ಅದನ್ನು ಹಾಳುಮಾಡಬಲ್ಲದು. ಗರ್ಭಕೊರಳಿನ ಕ್ಯಾನ್ಸರಿಗೆ ಎಚ್‌ಪಿವಿ ಎಂಬ ವೈರಸ್ ಕಾರಣವೆಂದು ತೋರಿಸಿದ ಜರ್ಮನಿಯ ವಿಜ್ಞಾನಿ ಹರಾಲ್ಡ್ ಜುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ಈ ಎರಡಕ್ಕೂ ಲಸಿಕೆಗಳಿವೆ. ನಿಮ್ಮ ಮಗಳಿಗೆ ಹನ್ನೆರಡು ವರ್ಷವೆಂದು ಬರೆದಿದ್ದೀರಲ್ಲ, ರಕ್ತಪರೀಕ್ಷೆಗೆಂದು ಎತ್ತಿಟ್ಟ ಹಣವಿದ್ದರೆ ಮೊದಲು ಅವಳ ಎಚ್‌ಪಿವಿ ಲಸಿಕೆಯ ಬಗ್ಗೆ ವೈದ್ಯರನ್ನು ಕೇಳಿ. ಹೆಪಟೈಟಿಸ್ ಬಿ ಪರೀಕ್ಷೆ ಯಾರಿಗೆ ಬೇಕೆಂಬುದನ್ನೂ ಅವರೇ ಹೇಳುತ್ತಾರೆ.